ಮಾಟಗಾತಿಯರ ಬೇಟೆ: ಯುರೋಪಿನ ಕೋರ್ಟುಗಳು 40 ಸಾವಿರ ಜನರನ್ನು ಕೊಂದದ್ದು ಹೇಗೆ

1562ರ ಆಗಸ್ಟ್ 3ರಂದು ದಕ್ಷಿಣ ಜರ್ಮನಿಯಲ್ಲಿ ಭಾರಿ ಆಲಿಕಲ್ಲು ಮಳೆ ಸುರಿಯಿತು. ಪೈರು ನೆಲಕಚ್ಚಿತು, ದ್ರಾಕ್ಷಿ ತೋಟಗಳು ಹಾಳಾದವು. ವೀಸೆನ್‌ಸ್ಟೈಗ್ ಎಂಬ ಸಣ್ಣ ಊರಿನಲ್ಲಿ ಇದು ಮಾಟಗಾತಿಯರದೇ ಕೆಲಸ ಅಂತ ಗುಲ್ಲೆದ್ದಿತು. ಆ ಸೀಮೆಯ ಒಡೆಯ ಕೌಂಟ್ ಉಲ್ರಿಚ್ ಫಾನ್ ಹೆಲ್ಫೆನ್‌ಸ್ಟೈನ್ ಹೆಂಗಸರನ್ನು ಹಿಡಿಸಿದ, ಚಿತ್ರಹಿಂಸೆ ಕೊಡಿಸಿದ. ವರ್ಷ ತುಂಬುವಷ್ಟರಲ್ಲಿ 63 ಹೆಂಗಸರಿಗೆ ಮರಣದಂಡನೆ ಆಗಿತ್ತು. 1563ರಲ್ಲಿ ಆ ಸುದ್ದಿ ಕರಪತ್ರವಾಗಿ ಅಚ್ಚಾಗಿ ಊರೂರಿಗೆ ಹೋಯಿತು.

ಹತ್ತಿರದ ಎಸ್ಲಿಂಗೆನ್ ನಗರಕ್ಕೂ ಅದೇ ಮಳೆ ಹೊಡೆದಿತ್ತು. ಅಲ್ಲೂ ಒಬ್ಬ ಪಾದ್ರಿ ಚರ್ಚಿನಲ್ಲಿ ನಿಂತು ಮಾಟಗಾತಿಯರ ಮೇಲೆ ಗುಡುಗಿದ. ಅಲ್ಲೂ ಮೂವರು ಹೆಂಗಸರನ್ನು ಹಿಡಿದು ಒಳಗೆ ಹಾಕಿದರು. ಆದರೆ ಕೊನೆಗೆ ಆ ನಗರಸಭೆ ಮೂವರನ್ನೂ ಬಿಟ್ಟು ಕಳಿಸಿತು.

ಒಂದೇ ಮಳೆ, ಒಂದೇ ಕಾಲ, ಒಂದೇ ನಂಬಿಕೆ. ಒಂದು ಕಡೆ 63 ಹೆಣ, ಇನ್ನೊಂದು ಕಡೆ ಒಂದೂ ಇಲ್ಲ. ಯುರೋಪಿನ ಮಾಟಗಾತಿ ಬೇಟೆಯ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಈ ವ್ಯತ್ಯಾಸವೇ. ಮೂಢನಂಬಿಕೆ ಇತ್ತು, ಅದಕ್ಕೇ ಸುಟ್ಟರು ಅಂತ ಹೇಳಿ ಕೈತೊಳೆದುಕೊಂಡರೆ ಇದು ಅರ್ಥವೇ ಆಗುವುದಿಲ್ಲ. ನಂಬಿಕೆ ಎಲ್ಲ ಕಡೆಯೂ ಇತ್ತು, ನೂರಾರು ವರ್ಷಗಳಿಂದ ಇತ್ತು. ಸಾಮೂಹಿಕ ಕೊಲೆ ಮಾತ್ರ ಕೆಲವು ಜಾಗಗಳಲ್ಲಿ, ಕೆಲವೇ ವರ್ಷಗಳಲ್ಲಿ ನಡೆಯಿತು.

ಮೊದಲು ಕಾಲದ ಲೆಕ್ಕ ಸರಿ ಮಾಡಿಕೊಳ್ಳೋಣ. ಮಾಟಗಾತಿಯರನ್ನು ಸುಡುವುದು ಅಂದರೆ ಮಧ್ಯಯುಗದ ಚಿತ್ರ ಕಣ್ಣ ಮುಂದೆ ಬರುತ್ತದೆ, ಅಲ್ವಾ? ನಿಜಕ್ಕೂ ಹೆಚ್ಚಿನ ಕೊಲೆಗಳು ನಡೆದದ್ದು 1560ರಿಂದ 1660ರ ನಡುವೆ. ನಮ್ಮಲ್ಲಿ ತಾಳಿಕೋಟೆ ಯುದ್ಧ ನಡೆದ ಮೇಲಿನ ಕಾಲ ಅದು. ಆಗ ಗೆಲಿಲಿಯೋ ದೂರದರ್ಶಕದಲ್ಲಿ ಗುರುಗ್ರಹದ ಚಂದ್ರರನ್ನು ನೋಡುತ್ತಿದ್ದ. ವಿಶ್ವವಿದ್ಯಾಲಯಗಳು ತುಂಬಿದ್ದವು, ಅಚ್ಚಿನ ಮನೆಗಳು ಓಡುತ್ತಿದ್ದವು.

ಇನ್ನು ಸತ್ತವರ ಲೆಕ್ಕ. 90 ಲಕ್ಷ ಹೆಂಗಸರನ್ನು ಸುಟ್ಟರು ಎಂಬ ಮಾತು ಇಂದಿಗೂ ಓಡಾಡುತ್ತದೆ. 18ನೇ ಶತಮಾನದ ಕೊನೆಯಲ್ಲಿ ಒಬ್ಬ ಜರ್ಮನ್ ಬರಹಗಾರ ತನ್ನ ಊರಿನ ಕೆಲವು ಕೇಸುಗಳನ್ನು ಹಿಡಿದು, ಅದನ್ನೇ ಇಡೀ ಯುರೋಪಿಗೂ ಹಲವು ಶತಮಾನಗಳಿಗೂ ಗುಣಿಸಿದ. ಅಲ್ಲಿಂದ ಬಂದ ಸಂಖ್ಯೆ ಅದು. ಕೋರ್ಟಿನ ಕಾಗದಗಳನ್ನು ಎಣಿಸಿದ ಇತಿಹಾಸಕಾರರು ಹೇಳುವುದು ಬೇರೆ. ಸುಮಾರು 90 ಸಾವಿರದಿಂದ ಒಂದು ಲಕ್ಷ ಜನರ ಮೇಲೆ ವಿಚಾರಣೆ ನಡೆಯಿತು. 40ರಿಂದ 50 ಸಾವಿರ ಜನರಿಗೆ ಮರಣದಂಡನೆ ಆಯಿತು. ಅದರಲ್ಲಿ ಸರಿಸುಮಾರು ಅರ್ಧದಷ್ಟು ಇಂದಿನ ಜರ್ಮನಿ ಮತ್ತು ಅದರ ಸುತ್ತಮುತ್ತ ಹರಡಿದ್ದ ಪವಿತ್ರ ರೋಮನ್ ಸಾಮ್ರಾಜ್ಯದಲ್ಲೇ ನಡೆದದ್ದು. 40 ಸಾವಿರ ಸಾಲದು ಅಂತ ಯಾರಿಗೆ ಅನಿಸಿತೋ ಗೊತ್ತಿಲ್ಲ.

ಹಳೆಯ ನಂಬಿಕೆ, ಹೊಸ ಅಪರಾಧ

ಮಾಟ ಹಾಕಿದರೆ ಹಸು ಹಾಲು ಕೊಡುವುದಿಲ್ಲ, ಮಗು ಕಾಯಿಲೆ ಬೀಳುತ್ತದೆ ಎಂಬುದು ಯುರೋಪಿನ ಹಳ್ಳಿಗಳಲ್ಲಿ ಬಹಳ ಹಳೆಯ ನಂಬಿಕೆ. ನಮ್ಮಲ್ಲಿ ಮಗುವಿಗೆ ದೃಷ್ಟಿಯಾಗಿದೆ ಅಂತ ಉಪ್ಪು-ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಾರಲ್ಲ, ಅದರಂತೆಯೇ. ಯಾರ ದೃಷ್ಟಿ ಅಂತ ಗುಮಾನಿ ಇರುತ್ತದೆ, ಮನೆಯಲ್ಲಿ ಗುಸುಗುಸು ಮಾತೂ ಆಗುತ್ತದೆ. ಹಾಗಂತ ಯಾರೂ ಕೋರ್ಟಿಗೆ ಹೋಗುವುದಿಲ್ಲ. ಯುರೋಪಿನಲ್ಲೂ ಬಹುಕಾಲ ಹಾಗೇ ನಡೆದಿತ್ತು.

ಆಗ ಚರ್ಚಿನ ನಿಲುವೂ ಅಷ್ಟು ಉಗ್ರವಾಗಿರಲಿಲ್ಲ. ಸುಮಾರು 906ರಲ್ಲಿ ಪ್ರ್ಯೂಮ್ ಮಠದ ರೆಗಿನೋ ದಾಖಲಿಸಿದ ಒಂದು ನಿಯಮ ಇದೆ. ರಾತ್ರಿ ಹೊತ್ತು ಡಯಾನಾ ದೇವತೆಯ ಜೊತೆ ಪ್ರಾಣಿಗಳ ಮೇಲೆ ಕೂತು ಹಾರುತ್ತೇವೆ ಅಂತ ಕೆಲವು ಹೆಂಗಸರು ಹೇಳಿಕೊಳ್ಳುತ್ತಾರೆ, ಅದು ಬರೀ ಭ್ರಮೆ, ಅದನ್ನು ನಿಜ ಅಂತ ನಂಬುವುದೇ ತಪ್ಪು ಅನ್ನುತ್ತದೆ ಅದು. ಅಂದರೆ 10ನೇ ಶತಮಾನದ ಚರ್ಚು 17ನೇ ಶತಮಾನದ ಜಡ್ಜುಗಳಿಗಿಂತ ವಿವೇಕದಿಂದ ಮಾತಾಡಿತ್ತು.

ಇದು ತಿರುಗಿದ್ದು 15ನೇ ಶತಮಾನದಲ್ಲಿ. 1420-30ರ ದಶಕಗಳಲ್ಲಿ ಆಲ್ಪ್ಸ್ ಬೆಟ್ಟಗಳ ಸುತ್ತ, ಸ್ವಿಟ್ಜರ್ಲೆಂಡಿನ ವಾಲೆ ಕಣಿವೆಯಂಥ ಕಡೆ, ಹೊಸ ಬಗೆಯ ವಿಚಾರಣೆಗಳು ಶುರುವಾದವು. ಓದಿದ ಪಾದ್ರಿಗಳು ಎರಡು ಬೇರೆ ಬೇರೆ ಸಂಗತಿಗಳನ್ನು ಹೆಣೆದು ಒಂದು ಮಾಡಿದರು. ಒಂದು, ಹಳ್ಳಿಯವರ ಮಾಟದ ಭಯ. ಇನ್ನೊಂದು, ಚರ್ಚಿನ ವಿರುದ್ಧ ಗುಟ್ಟಾಗಿ ಸೇರುವ ಪಂಥಗಳ ಭಯ. ಅಲ್ಲಿಂದ ಮಾಟಗಾತಿ ಅಂದರೆ ನೆರೆಮನೆಯ ಹಸುವಿಗೆ ಕೇಡು ಬಯಸಿದ ಒಂಟಿ ಹೆಂಗಸು ಮಾತ್ರ ಆಗಿ ಉಳಿಯಲಿಲ್ಲ. ಅವಳು ಸೈತಾನನ ಜೊತೆ ಒಪ್ಪಂದ ಮಾಡಿಕೊಂಡವಳು. ರಾತ್ರಿ ಹಾರಿಹೋಗಿ ನೂರಾರು ಜನರ ಕೂಟದಲ್ಲಿ ಸೇರುವವಳು. ಕ್ರೈಸ್ತ ಜಗತ್ತನ್ನೇ ಬುಡಮೇಲು ಮಾಡಲು ಹೊರಟ ಒಂದು ಪಡೆಯ ಸದಸ್ಯೆ.

ಈ ಬದಲಾವಣೆ ಎಷ್ಟು ಭಯಂಕರ ಅಂತ ಒಂದು ಪ್ರಶ್ನೆಯಿಂದಲೇ ಗೊತ್ತಾಗುತ್ತದೆ. ಒಂಟಿ ಮಾಟಗಾತಿಯನ್ನು ಹಿಡಿದರೆ 'ನೀನೇನು ಮಾಡಿದೆ' ಅಂತ ಕೇಳಬಹುದು, ಅಷ್ಟೇ. ಕೂಟಕ್ಕೆ ಹೋದವಳನ್ನು ಹಿಡಿದರೆ 'ಅಲ್ಲಿ ಮತ್ತೆ ಯಾರ್ಯಾರು ಇದ್ದರು' ಅಂತ ಕೇಳಬಹುದು. ಮುಂದಿನ ಇನ್ನೂರು ವರ್ಷ ಸಾವಿರಾರು ಜನರನ್ನು ಕೊಂದದ್ದು ಈ ಎರಡನೇ ಪ್ರಶ್ನೆ.

ಈ ಹೊಸ ಸಿದ್ಧಾಂತಕ್ಕೆ ಹೆಸರುವಾಸಿಯಾದ ಪುಸ್ತಕ ಹೈನ್ರಿಚ್ ಕ್ರಾಮರ್ ಎಂಬ ಪಾದ್ರಿ ಬರೆದ 'ಮಾಟಗಾತಿಯರ ಸುತ್ತಿಗೆ'. ಅದರ ಹಿಂದಿನ ಕತೆ ಪುಸ್ತಕಕ್ಕಿಂತ ಸ್ವಾರಸ್ಯವಾಗಿದೆ. ಕ್ರಾಮರ್ 1484ರಲ್ಲಿ ಪೋಪ್ ಎಂಟನೇ ಇನ್ನೊಸೆಂಟ್‌ನಿಂದ ಮಾಟಗಾತಿಯರನ್ನು ವಿಚಾರಿಸುವ ಅಧಿಕಾರ ಪತ್ರ ಪಡೆದು, 1485ರಲ್ಲಿ ಇನ್ಸ್‌ಬ್ರುಕ್ ನಗರಕ್ಕೆ ಬಂದ. ಹೆಲೆನಾ ಶೋಯ್ಬೆರಿನ್ ಎಂಬಾಕೆ ಅವನಿಗೆ ಬೀದಿಯಲ್ಲೇ ಬೈದಿದ್ದಳು, ಅವನ ಉಪದೇಶ ಕೇಳಲು ಹೋಗಬೇಡಿ ಅಂತ ಜನರಿಗೂ ಹೇಳಿದ್ದಳು. ಅವಳನ್ನೂ ಇನ್ನಷ್ಟು ಹೆಂಗಸರನ್ನೂ ವಿಚಾರಣೆಗೆ ತಂದ. ಅಲ್ಲಿ ಕೇಳಿದ್ದೆಲ್ಲ ಅವಳ ಖಾಸಗಿ ಬದುಕಿನ ಪ್ರಶ್ನೆಗಳು. ಹೆಂಗಸರ ಪರ ನಿಂತ ವಕೀಲ ವಿಚಾರಣೆ ಕ್ರಮಬದ್ಧವಾಗಿ ನಡೆದಿಲ್ಲ ಅಂತ ಆಕ್ಷೇಪ ಎತ್ತಿದ. ಆಕ್ಷೇಪ ನಿಂತಿತು, ಎಲ್ಲರಿಗೂ ಬಿಡುಗಡೆ. ಈ ಮುದುಕನಿಗೆ ಅರಳುಮರಳು, ಸುಮ್ನೆ ತನ್ನ ಮಠಕ್ಕೆ ಹೋಗಲಿ ಎಂಬ ಅರ್ಥದಲ್ಲಿ ಅಲ್ಲಿನ ಬಿಷಪ್ ಗೋಲ್ಸರ್ ಬರೆದ. ಅವಮಾನವಾಗಿ ಹೋದ ಕ್ರಾಮರ್ ಮರುವರ್ಷವೇ ತನ್ನ ವಾದವನ್ನೆಲ್ಲ ಪುಸ್ತಕವಾಗಿ ಬರೆದು ಅಚ್ಚು ಹಾಕಿಸಿದ. ಹೆಂಗಸರ ಬಗ್ಗೆ ಅದರಲ್ಲಿರುವ ವಿಷ ಓದಿದರೆ ಆ ಸೋಲಿನ ಉರಿ ಇನ್ನೂ ತಟ್ಟುತ್ತದೆ. 1520ರ ಹೊತ್ತಿಗೆ ಅದು ಹತ್ತಕ್ಕೂ ಜಾಸ್ತಿ ಸಲ ಅಚ್ಚಾಗಿತ್ತು.

ಆದರೂ ಆ ಪುಸ್ತಕ ಬಂದ ಕೂಡಲೇ ಬೆಂಕಿ ಹತ್ತಲಿಲ್ಲ ಎಂಬುದನ್ನು ಗಮನಿಸಬೇಕು. ದೊಡ್ಡ ಬೇಟೆಗಳು ಬಂದದ್ದು ಅದಾಗಿ 70-80 ವರ್ಷದ ಮೇಲೆ. ಸಿದ್ಧಾಂತದ ಜೊತೆಗೆ ಇನ್ನೂ ಕೆಲವು ಕೂಡಿಬರಬೇಕಿತ್ತು.

ಚಿತ್ರಹಿಂಸೆಯ ಗಣಿತ

ಹಳೆಯ ಪದ್ಧತಿಯಲ್ಲಿ ದೂರು ಕೊಟ್ಟವನೇ ಆರೋಪವನ್ನು ಸಾಬೀತು ಮಾಡಬೇಕಿತ್ತು. ಮಾಡಲಾಗದಿದ್ದರೆ ಶಿಕ್ಷೆ ಅವನ ತಲೆಗೇ ಬರುತ್ತಿತ್ತು. ಹಾಗಾಗಿ ಬಾಯಿ ಬಿಡುವ ಮುಂಚೆ ಜನ ಹತ್ತು ಸಲ ಯೋಚಿಸುತ್ತಿದ್ದರು. ರೋಮನ್ ಕಾನೂನು ಮತ್ತೆ ಬಳಕೆಗೆ ಬಂದ ಮೇಲೆ ಇದು ಬದಲಾಯಿತು. ಜಡ್ಜ್ ತಾನೇ ತನಿಖೆ ಶುರು ಮಾಡಬಹುದಾಯಿತು. ಗಂಭೀರ ಅಪರಾಧಕ್ಕೆ ಇಬ್ಬರು ಕಣ್ಣಾರೆ ಕಂಡ ಸಾಕ್ಷಿಗಳು ಬೇಕು, ಇಲ್ಲವೇ ಆರೋಪಿಯ ತಪ್ಪೊಪ್ಪಿಗೆ ಬೇಕು ಅಂತಾಯಿತು. ನೋಡಲು ಇದು ಸುಧಾರಣೆಯೇ. ಆದರೆ ಮಾಟಕ್ಕೆ ಕಣ್ಣಾರೆ ಕಂಡ ಸಾಕ್ಷಿ ಎಲ್ಲಿಂದ ಬರಬೇಕು? ಉಳಿದದ್ದು ತಪ್ಪೊಪ್ಪಿಗೆ ಒಂದೇ. ಅದನ್ನು ಪಡೆಯುವ ದಾರಿ ಚಿತ್ರಹಿಂಸೆ.

1532ರಲ್ಲಿ ಸಾಮ್ರಾಟ ಐದನೇ ಚಾರ್ಲ್ಸ್ ಹೊರಡಿಸಿದ ಅಪರಾಧ ಸಂಹಿತೆ ಇದಕ್ಕೆ ಮಿತಿ ಹಾಕಿತ್ತು. ಗಟ್ಟಿಯಾದ ಅನುಮಾನ ಇಲ್ಲದೆ ಚಿತ್ರಹಿಂಸೆ ಕೊಡುವಂತಿಲ್ಲ. ಮಾಟದಿಂದ ಯಾರಿಗಾದರೂ ಹಾನಿಯಾಗಿದ್ದರೆ ಮಾತ್ರ ಸುಡುವ ಶಿಕ್ಷೆ. ಕಾಗದದ ಮೇಲೆ ಎಲ್ಲ ಚೆನ್ನಾಗಿತ್ತು. ಆದರೆ ಮಾಟ ವಿಶೇಷ ಅಪರಾಧ, ಅದು ಗುಟ್ಟಾಗಿ ನಡೆಯುವಂಥದ್ದು, ಹಾಗಾಗಿ ಮಾಮೂಲಿ ನಿಯಮ ಇದಕ್ಕೆ ಬೇಡ ಎಂಬ ವಾದ ಬಂತು. ವಿಶೇಷ ಅಪರಾಧಕ್ಕೆ ವಿಶೇಷ ಕಾನೂನು ಎಂಬ ಮಾತು ಯಾವ ಕಾಲದಲ್ಲಿ ಕೇಳಿದರೂ ನನಗೆ ಸ್ವಲ್ಪ ದಿಗಿಲಾಗುತ್ತದೆ.

ಇದರ ಫಲ ಏನು ಅಂತ ನೋಡಲು ಜರ್ಮನಿಯ ಬಾಂಬೆರ್ಗ್‌ಗಿಂತ ಬೇರೆ ಊರು ಬೇಡ. ಅಲ್ಲಿನ ಬಿಷಪ್ ಯೋಹಾನ್ ಗೇಯಾರ್ಗ್ ಫುಕ್ಸ್ ಫಾನ್ ಡಾರ್ನ್‌ಹೈಮ್ ಬರೀ ಧರ್ಮಗುರು ಅಲ್ಲ, ಆ ಸಂಸ್ಥಾನದ ಅರಸನೂ ಅವನೇ. 1626ರ ಮೇ ತಿಂಗಳ ಕೊನೆಯಲ್ಲಿ ಅಕಾಲದ ಹಿಮ ಬಿದ್ದು ದ್ರಾಕ್ಷಿ, ರೈ ಬೆಳೆ ಸುಟ್ಟುಹೋದವು. ಬೇಟೆ ಶುರುವಾಯಿತು. 1627ರಲ್ಲಿ ಮಾಟದ ಆರೋಪಿಗಳಿಗಾಗಿಯೇ ಒಂದು ಜೈಲು ಕಟ್ಟಿಸಿದರು. ಹಿಡಿದವರೆಲ್ಲ ಬಡ ಮುದುಕಿಯರಲ್ಲ. ಸಂಸ್ಥಾನದ ಚಾನ್ಸೆಲರ್ ಗೇಯಾರ್ಗ್ ಹಾನ್, ಅವನ ಹೆಂಡತಿ, ಮಗಳು ಸತ್ತರು. ನಗರದ ಮೇಯರ್ ಯೋಹಾನೆಸ್ ಯೂನಿಯಸ್ ಕೂಡ ಸಿಕ್ಕಿಬಿದ್ದ.

ಯೂನಿಯಸ್ 1628ರ ಜುಲೈ 24ರಂದು ಜೈಲಿನಿಂದ ಮಗಳು ವೆರೋನಿಕಾಗೆ ಗುಟ್ಟಾಗಿ ಬರೆದ ಪತ್ರ ಉಳಿದಿದೆ. ಬೆರಳು ಜಜ್ಜಿಹೋಗಿದ್ದ ಕೈಯಲ್ಲಿ ಬರೆದದ್ದು. ತಪ್ಪಿಲ್ಲದೆ ಜೈಲಿಗೆ ಬಂದೆ, ತಪ್ಪಿಲ್ಲದೆ ಹಿಂಸೆ ತಿಂದೆ, ತಪ್ಪಿಲ್ಲದೆ ಸಾಯಬೇಕು ಅಂತ ಶುರುವಾಗುತ್ತದೆ. ಚಿತ್ರಹಿಂಸೆ ಕೊಡುವವನೇ ಅವನನ್ನು ಬೇಡಿಕೊಂಡನಂತೆ: ಸ್ವಾಮಿ, ದೇವರಾಣೆ, ನಿಜವೋ ಸುಳ್ಳೋ ಏನಾದರೂ ಒಪ್ಪಿಕೊಂಡುಬಿಡಿ, ಒಂದು ಮುಗಿದರೆ ಇನ್ನೊಂದು ಹಿಂಸೆ ಬರುತ್ತಲೇ ಇರುತ್ತದೆ. ಯೂನಿಯಸ್ ಒಂದು ಕತೆ ಕಟ್ಟಿ ಒಪ್ಪಿಕೊಂಡ. ಅಷ್ಟಕ್ಕೆ ಬಿಡಲಿಲ್ಲ. ಕೂಟದಲ್ಲಿ ಯಾರನ್ನು ನೋಡಿದೆ ಹೇಳು ಅಂದರು. ಒಂದೊಂದೇ ಬೀದಿಯ ಹೆಸರು ಹಿಡಿದು, ಈ ಬೀದಿಯಲ್ಲಿ ಯಾರು, ಆ ಬೀದಿಯಲ್ಲಿ ಯಾರು ಅಂತ ಕೇಳಿದರು. ಅವನು ಹೆಸರು ಕೊಟ್ಟ. ಆಗಸ್ಟ್‌ನಲ್ಲಿ ಅವನನ್ನು ಕೊಂದರು. ಅವನ ಹೆಂಡತಿಗೆ ಅದಕ್ಕೂ ಮುಂಚೆಯೇ ಅದೇ ಗತಿಯಾಗಿತ್ತು.

ಒಬ್ಬರಿಂದ ಐದಾರು ಹೆಸರು, ಆ ಐದಾರು ಜನರಿಂದ ಇನ್ನಷ್ಟು. ಸರಪಳಿ ಹೀಗೆ ಬೆಳೆದರೆ ಕೊನೆಗೆ ಅದು ಎಲ್ಲರ ಬಾಗಿಲಿಗೂ ಬರುತ್ತದೆ. ಟ್ರಿಯರ್ ಪಟ್ಟಣದಲ್ಲಿ ಡೀಟ್ರಿಚ್ ಫ್ಲಾಡೆ ಎಂಬ ಶ್ರೀಮಂತ ಜಡ್ಜ್ ಇದ್ದ. ಮಾಟದ ಕೇಸುಗಳಲ್ಲಿ ಅವನು ತಡೆದು ತಡೆದು ನಡೆಯುತ್ತಿದ್ದ. ಅವನ ಹೆಸರೂ ಯಾರದೋ ತಪ್ಪೊಪ್ಪಿಗೆಯಲ್ಲಿ ಬಂತು. 1589ರಲ್ಲಿ ಅವನನ್ನೂ ಕೊಂದು ಸುಟ್ಟರು.

ಫ್ರೀಡ್ರಿಚ್ ಸ್ಪೇ ಎಂಬ ಜೆಸ್ಯೂಟ್ ಪಾದ್ರಿ ಇದನ್ನೆಲ್ಲ ಹತ್ತಿರದಿಂದ ಕಂಡವನು. 1631ರಲ್ಲಿ ಹೆಸರು ಹಾಕದೆ ಒಂದು ಪುಸ್ತಕ ಹೊರತಂದು, ಕೋರ್ಟುಗಳ ತರ್ಕ ಹೇಗಿದೆ ಅಂತ ತೋರಿಸಿದ. ಆರೋಪಿ ಕೆಟ್ಟ ನಡತೆಯವಳಾದರೆ ಅದೇ ಸಾಕ್ಷಿ. ಒಳ್ಳೆಯ ನಡತೆಯವಳಾದರೆ, ಮಾಟಗಾತಿಯರು ಹಾಗೇ ನಟಿಸುತ್ತಾರೆ, ಅದೂ ಸಾಕ್ಷಿ. ಹೆದರಿದರೆ ತಪ್ಪಿತಸ್ಥೆ, ಹೆದರದಿದ್ದರೂ ತಪ್ಪಿತಸ್ಥೆ. ನಾವೆಲ್ಲ ಇನ್ನೂ ಮಾಟಗಾರರಾಗಿಲ್ಲ ಅಂದರೆ ನಮಗಿನ್ನೂ ಹಿಂಸೆ ಕೊಟ್ಟಿಲ್ಲ ಅಷ್ಟೇ ಅಂತ ಬರೆದ.

ಚಳಿ, ಹಸಿವು, ಧರ್ಮದ ಜಗಳ

16ನೇ ಶತಮಾನದ ಎರಡನೇ ಅರ್ಧದಿಂದ ಯುರೋಪಿನ ಹವಾಮಾನ ಕೆಟ್ಟಿತು. ಇತಿಹಾಸಕಾರರು ಇದನ್ನು ಸಣ್ಣ ಹಿಮಯುಗ ಅನ್ನುತ್ತಾರೆ. ಚಳಿಗಾಲ ಉದ್ದವಾಯಿತು, ಬೇಸಿಗೆ ತಣ್ಣಗಾಯಿತು, ಬೆಳೆ ಕೈಕೊಟ್ಟಿತು, ಧಾನ್ಯದ ಬೆಲೆ ಏರಿತು. ದೊಡ್ಡ ಬೇಟೆಗಳು ಹೆಚ್ಚಾಗಿ ಕೆಟ್ಟ ಫಸಲಿನ ವರ್ಷಗಳ ಬೆನ್ನಿಗೇ ಬರುತ್ತವೆ. ಹಳ್ಳಿಯವರು ಸುಮ್ಮನೆ ಕೂತು ಅಧಿಕಾರಿಗಳ ಆಟ ನೋಡುತ್ತಿದ್ದರು ಅಂತಲೂ ಅಲ್ಲ. ಟ್ರಿಯರ್ ಸೀಮೆಯಲ್ಲಿ ಹಳ್ಳಿಗರೇ ಸಮಿತಿ ಕಟ್ಟಿಕೊಂಡು, ಸಾಕ್ಷಿ ಕಲೆಹಾಕಿ, ಕೇಸು ನಡೆಸುವಂತೆ ಒತ್ತಾಯ ಹೇರುತ್ತಿದ್ದರು.

ಇದರ ಜೊತೆಗೆ ಧರ್ಮ ಒಡೆದಿತ್ತು. ಕ್ಯಾಥೊಲಿಕರು ಒಂದು ಕಡೆ, ಪ್ರೊಟೆಸ್ಟಂಟರು ಇನ್ನೊಂದು ಕಡೆ. ತನ್ನ ರಾಜ್ಯವನ್ನು ಪಾಪದಿಂದ ತೊಳೆಯುವುದು ಅರಸನ ಕರ್ತವ್ಯ ಅಂತ ಎರಡೂ ಕಡೆಯವರು ನಂಬಿದ್ದರು. ಸುಡುವ ವಿಷಯದಲ್ಲಿ ಇಬ್ಬರಿಗೂ ಭೇದ ಇರಲಿಲ್ಲ. ವೀಸೆನ್‌ಸ್ಟೈಗ್ ಆಗ ಪ್ರೊಟೆಸ್ಟಂಟ್, ಬಾಂಬೆರ್ಗ್ ಕ್ಯಾಥೊಲಿಕ್. ಸ್ಕಾಟ್ಲೆಂಡಿನ ಪ್ರೊಟೆಸ್ಟಂಟ್ ರಾಜ ಆರನೇ ಜೇಮ್ಸ್ ಡೆನ್ಮಾರ್ಕಿನಿಂದ ಹೆಂಡತಿಯನ್ನು ಕರೆತರುವಾಗ ಕಡಲಿನಲ್ಲಿ ಬಿರುಗಾಳಿ ಕಾಡಿತು. 1590-91ರಲ್ಲಿ ಆ ಗಾಳಿ ಎಬ್ಬಿಸಿದವರು ಅಂತ ಆಗ್ನೆಸ್ ಸ್ಯಾಂಪ್ಸನ್ ಮುಂತಾದವರನ್ನು ಹಿಡಿಸಿ, ರಾಜನೇ ಕೂತು ಪ್ರಶ್ನೆ ಕೇಳಿದ.

ಆದರೆ ಚಳಿ, ಹಸಿವು, ಧರ್ಮದ್ವೇಷ ಎಲ್ಲರಿಗೂ ಒಂದೇ ಆಗಿತ್ತಲ್ಲ? ಬಾಂಬೆರ್ಗ್‌ನಿಂದ ನ್ಯೂರೆನ್‌ಬೆರ್ಗ್ ಸುಮಾರು 60 ಕಿಲೋಮೀಟರ್. ಅಲ್ಲಿ ಸಾಮೂಹಿಕ ಬೇಟೆ ನಡೆಯಲೇ ಇಲ್ಲ. ಒಂದು ಘಟನೆಯಂತೂ ಬಹಳ ಚೆನ್ನಾಗಿದೆ. 1590ರಲ್ಲಿ ಫ್ರೀಡ್ರಿಚ್ ಸ್ಟಿಗ್ಲರ್ ಎಂಬ ವಧಕಾರನ ಸಹಾಯಕ ಅಲ್ಲಿಗೆ ಬಂದು, ಮಾಟಗಾತಿಯರನ್ನು ನಾನು ಗುರುತು ಹಿಡಿಯಬಲ್ಲೆ ಅಂತ ಕೆಲವು ಹೆಂಗಸರ ಕಡೆ ಬೆರಳು ತೋರಿಸಿದ. ನಗರಸಭೆ ತನಿಖೆ ಮಾಡಿತು. ಸುಳ್ಳು ಆರೋಪ ಹೊರಿಸಿದ್ದಕ್ಕೆ ಅವನ ತಲೆಯನ್ನೇ ಕಡಿಸಿತು.

ನೆರೆಮನೆಯ ಜಗಳ

ಹೆಸರುಗಳ ಸರಪಳಿ ಬೆಳೆಯುವುದು ಆಮೇಲೆ. ಮೊದಲ ಹೆಸರು ಎಲ್ಲಿಂದ ಬರುತ್ತದೆ? ಸಾಮಾನ್ಯವಾಗಿ ಪಕ್ಕದ ಮನೆಯಿಂದ.

ಗ್ರಹಗಳು ಸೂರ್ಯನ ಸುತ್ತ ಅಂಡಾಕಾರದ ದಾರಿಯಲ್ಲಿ ಸುತ್ತುತ್ತವೆ ಅಂತ ಲೆಕ್ಕ ಹಾಕಿ ತೋರಿಸಿದ ಯೋಹಾನೆಸ್ ಕೆಪ್ಲರ್ ಗೊತ್ತಲ್ಲ. ಅವನ ತಾಯಿ ಕಥರೀನಾ ಲಿಯೋನ್‌ಬೆರ್ಗ್ ಎಂಬ ಸಣ್ಣ ಊರಿನ ಹೆಂಗಸು. ಹಣ್ಣುಹಣ್ಣು ಮುದುಕಿ, ಒಂಟಿ ಬಾಳು, ಮನೆಯಲ್ಲಿ ಗಿಡಮೂಲಿಕೆ ಮದ್ದು ಮಾಡುವ ಅಭ್ಯಾಸ, ಬಾಯಿ ಸ್ವಲ್ಪ ಜೋರು. 1615ರಲ್ಲಿ ಗಾಜಿನ ಕೆಲಸದವನ ಹೆಂಡತಿ ಉರ್ಸುಲಾ ರೈನ್‌ಬೋಲ್ಡ್ ದೂರಿದಳು: ವರ್ಷಗಳ ಹಿಂದೆ ಕಥರೀನಾ ನನಗೆ ಏನೋ ಕುಡಿಸಿದಳು, ಅಂದಿನಿಂದ ನನ್ನ ಕಾಯಿಲೆ ವಾಸಿಯಾಗಿಲ್ಲ. ಎರಡು ಮನೆಗಳ ನಡುವೆ ಮೊದಲೇ ಮನಸ್ತಾಪ ಇತ್ತು. ಉರ್ಸುಲಾಳ ಅಣ್ಣತಮ್ಮಂದಿರಲ್ಲಿ ಒಬ್ಬ ಅರಮನೆಯಲ್ಲಿ ಕ್ಷೌರ-ವೈದ್ಯದ ಕೆಲಸದಲ್ಲಿದ್ದ. ಅವನೂ ಊರಿನ ಅಧಿಕಾರಿ ಲುಥೆರುಸ್ ಐನ್‌ಹಾರ್ನ್ ಕೂಡ ಕುಡಿದು, ಮುದುಕಿಯನ್ನು ಕರೆಸಿ, ಕತ್ತಿ ಹಿಡಿದು 'ಮಾಟ ತೆಗೆ' ಅಂತ ಹೆದರಿಸಿದರು. ಅವಳು ಬಗ್ಗಲಿಲ್ಲ. ಮಕ್ಕಳು ಮಾನನಷ್ಟದ ಕೇಸು ಹಾಕಿದರು.

ಅಲ್ಲಿಂದ ಊರಿನ ನೆನಪು ಕೆಲಸ ಶುರು ಮಾಡಿತು. ಇಟ್ಟಿಗೆ ಹೊತ್ತು ಹೋಗುತ್ತಿದ್ದ ಹುಡುಗಿಗೆ ಅವಳು ತಾಗಿದ್ದಳಂತೆ, ಕೈ ನೋವು ಬಂತಂತೆ. ಒಬ್ಬರ ಹಸು ಸತ್ತಿತ್ತು, ಇನ್ನೊಬ್ಬರ ಕಾಲು ಊನವಾಗಿತ್ತು. ಹಳೆಯ ಕಷ್ಟಕ್ಕೆಲ್ಲ ಈಗ ಒಂದು ಹೆಸರು ಸಿಕ್ಕಿತು. ಕೇಸು ಬಿಡಿಸಿಕೊಳ್ಳಲು ಕಥರೀನಾ ಐನ್‌ಹಾರ್ನ್‌ಗೆ ಬೆಳ್ಳಿ ಬಟ್ಟಲು ಕೊಡಹೋದಳು, ಅದೂ ಅವಳ ವಿರುದ್ಧ ಸಾಕ್ಷಿಯಾಯಿತು. ವಿಚಾರಣೆಯಲ್ಲಿ ಅಳಲಿಲ್ಲ, ಅದೂ ಸಾಕ್ಷಿ.

1620ರ ಆಗಸ್ಟ್‌ನಲ್ಲಿ ಮಗಳ ಮನೆಗೆ ರಾತ್ರಿ ನುಗ್ಗಿ, ಕಥರೀನಾಳನ್ನು ಬಟ್ಟೆ ಇಡುವ ದೊಡ್ಡ ಪೆಟ್ಟಿಗೆಯಲ್ಲಿ ಹಾಕಿ ಹೊತ್ತೊಯ್ದರು. ಹದಿನಾಲ್ಕು ತಿಂಗಳು ಸರಪಳಿ ಬಿಗಿದು ಇಟ್ಟರು. ಕಾವಲುಗಾರರ ಖರ್ಚನ್ನೂ ಅವಳ ಆಸ್ತಿಯಿಂದಲೇ ಕಿತ್ತರು. ಕೆಪ್ಲರ್ ಲಿಂಟ್ಸ್ ನಗರದ ಕೆಲಸ ಬಿಟ್ಟು ಬಂದ. ಒಂದೊಂದೇ ಆರೋಪ ಎತ್ತಿಕೊಂಡು ನೂರಕ್ಕೂ ಜಾಸ್ತಿ ಪುಟದ ಉತ್ತರ ಕೊಡಿಸಿದ. ಈ ಕಾಯಿಲೆಗೆ ಬೇರೆ ಕಾರಣ ಇದೆ, ಈ ಸಾಕ್ಷಿಯ ವಯಸ್ಸು ಸಾಲದು, ಈ ಹೇಳಿಕೆ ಹಿಂದಿನದಕ್ಕೆ ತಾಳೆಯಾಗುವುದಿಲ್ಲ. ಮಾಟವೇ ಇಲ್ಲ ಅಂತ ಅವನೂ ವಾದಿಸಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಈ ಆರೋಪಕ್ಕೆ ಸಾಕ್ಷಿ ಇಲ್ಲ ಅಂದ, ಅಷ್ಟೇ. ಕೊನೆಗೆ ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಕಾನೂನು ಪಂಡಿತರು, ಚಿತ್ರಹಿಂಸೆ ಕೊಡಬೇಡಿ, ಸಲಕರಣೆ ತೋರಿಸಿ ಹೆದರಿಸಿ ನೋಡಿ ಅಂದರು. 1621ರ ಸೆಪ್ಟೆಂಬರಿನಲ್ಲಿ ತೋರಿಸಿದರು. ನನ್ನ ಮೈಯ ನರಗಳನ್ನು ಒಂದೊಂದಾಗಿ ಕಿತ್ತರೂ ಒಪ್ಪಿಕೊಳ್ಳಲು ಏನೂ ಇಲ್ಲ ಅಂದಳು ಮುದುಕಿ. ಅಕ್ಟೋಬರಿನಲ್ಲಿ ಬಿಡುಗಡೆಯಾದಳು, ಮರುವರ್ಷ ಏಪ್ರಿಲ್‌ನಲ್ಲಿ ಸತ್ತಳು.

ಇಂಗ್ಲೆಂಡಿನ ಎಸೆಕ್ಸ್ ಹಳ್ಳಿಗಳ ಕೋರ್ಟು ಕಾಗದಗಳಲ್ಲಿ ಇನ್ನೊಂದು ಬಗೆಯ ಕತೆ ಮತ್ತೆ ಮತ್ತೆ ಸಿಗುತ್ತದೆ. ಬಡ ಹೆಂಗಸೊಬ್ಬಳು ಹಾಲೋ ಬೆಣ್ಣೆಯೋ ಕೇಳಿಕೊಂಡು ಬರುತ್ತಾಳೆ. ಮನೆಯವರು ಇಲ್ಲ ಅನ್ನುತ್ತಾರೆ. ಅವಳು ಗೊಣಗುತ್ತಾ ಹೋಗುತ್ತಾಳೆ. ನಾಲ್ಕು ದಿನಕ್ಕೆ ಆ ಮನೆಯ ಮಗುವಿಗೆ ಜ್ವರ. ಹಿಂದಿನ ಕಾಲದಲ್ಲಿ ಕೇಳಿಕೊಂಡು ಬಂದವರಿಗೆ ಇಲ್ಲ ಅನ್ನದೆ ಕೊಡುವುದು ಊರಿನ ರೂಢಿ. ಬೆಲೆ ಏರಿ, ಬಡವರು ಜಾಸ್ತಿಯಾಗಿ ಆ ರೂಢಿ ಕಳಚುತ್ತಿದ್ದ ಕಾಲ ಅದು. ಕೊಡದೆ ಕಳಿಸಿದ ತಪ್ಪು ಮನಸ್ಸನ್ನು ಕೊರೆಯುತ್ತದೆ. ಅವಳೇ ಕೆಟ್ಟವಳು ಅಂದುಕೊಂಡರೆ ಆ ಕೊರೆತ ನಿಲ್ಲುತ್ತದೆ. ಇದು ಕೆಲವು ಇತಿಹಾಸಕಾರರ ವಿವರಣೆ. ಎಲ್ಲ ಕಡೆಗೂ ಒಪ್ಪುವುದಿಲ್ಲ, ಆದರೆ ಒಪ್ಪುವ ಕಡೆ ಬಹಳ ಚೆನ್ನಾಗಿ ಒಪ್ಪುತ್ತದೆ.

ಸತ್ತವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಹೆಂಗಸರು. ಹೆಣ್ಣಿಗೆ ಮನಸ್ಸು ಗಟ್ಟಿಯಿಲ್ಲ, ಸೈತಾನ ಸುಲಭವಾಗಿ ಹಿಡಿಯುತ್ತಾನೆ ಎಂಬ ಪಾದ್ರಿಗಳ ಮಾತು ಒಂದು ಕಾರಣ. ಮಾಟ ತಗಲುತ್ತದೆ ಅಂತ ಜನ ಹೆದರುತ್ತಿದ್ದ ಜಾಗಗಳೂ ಹೆಂಗಸರ ಕೈಯಲ್ಲೇ ಇದ್ದವು: ಅಡುಗೆಮನೆ, ಕೊಟ್ಟಿಗೆ, ಹೆರಿಗೆ ಕೋಣೆ, ತೊಟ್ಟಿಲು. 1669ರಲ್ಲಿ ಔಗ್ಸ್‌ಬುರ್ಗ್‌ನಲ್ಲಿ ಮರಣದಂಡನೆಗೆ ಗುರಿಯಾದ 67 ವರ್ಷದ ಆನ್ನಾ ಎಬೆಲರ್ ಬಾಣಂತನ ಮಾಡುವ ಕೆಲಸದವಳು. ಬಾಣಂತಿಗೆ ಅವಳು ಕೊಟ್ಟ ಸೂಪಿನಲ್ಲೇ ಸಾವು ಇತ್ತು ಅಂದರು. ಇಂಥ ಕೇಸುಗಳಲ್ಲಿ ದೂರಿದವರೂ ಹೆಚ್ಚಾಗಿ ಹೆಂಗಸರೇ, ಮಗು ಕಳೆದುಕೊಂಡ ತಾಯಂದಿರು. ಆದರೆ ವಿಚಾರಣೆ ನಡೆಸಿದವರೆಲ್ಲ ಗಂಡಸರು. ಹಾಗಂತ ಇದನ್ನು ಎಲ್ಲ ಕಡೆಗೂ ಒಂದೇ ಅಳತೆಯಲ್ಲಿ ಹೇಳುವ ಹಾಗಿಲ್ಲ. ಐಸ್‌ಲ್ಯಾಂಡಿನಲ್ಲಿ ಕೊಂದ ಇಪ್ಪತ್ತು ಚಿಲ್ಲರೆ ಜನರಲ್ಲಿ ಹೆಂಗಸು ಒಬ್ಬಳೇ. ರಷ್ಯಾದಲ್ಲೂ ಆರೋಪಿಗಳಲ್ಲಿ ಗಂಡಸರೇ ಜಾಸ್ತಿ.

ನಿಲ್ಲಿಸಿದವರು

ಇನ್‌ಕ್ವಿಸಿಷನ್, ಅಂದರೆ ಧರ್ಮದ್ರೋಹದ ಆರೋಪ ವಿಚಾರಿಸುವ ಕ್ಯಾಥೊಲಿಕ್ ಚರ್ಚಿನ ಕೋರ್ಟು. ಅದಕ್ಕೆ ಸುಡುವವರು ಅಂತಲೇ ಹೆಸರು. ಆದರೆ ಸ್ಪೇನಿನಲ್ಲಿ ಬೇಟೆ ನಿಲ್ಲಿಸಿದ್ದು ಇನ್‌ಕ್ವಿಸಿಷನ್‌ನ ಅಧಿಕಾರಿಯೇ. 1610ರ ನವೆಂಬರಿನಲ್ಲಿ ಲೊಗ್ರೋನ್ಯೋ ಪಟ್ಟಣದಲ್ಲಿ ಬಾಸ್ಕ್ ಸೀಮೆಯ ಆರು ಜನರನ್ನು ಜೀವಂತ ಸುಟ್ಟರು. ಅಲ್ಲಿನ ಮೂವರು ಜಡ್ಜುಗಳಲ್ಲಿ ಒಬ್ಬ ಅಲೊನ್ಸೊ ದೆ ಸಾಲಸಾರ್ ಫ್ರಿಯಾಸ್. ಅವನಿಗೆ ಅನುಮಾನ ಬಂತು. 1611ರಲ್ಲಿ ಹಳ್ಳಿಗಳಿಗೇ ಹೋದ. 1,802 ಜನ ಅವನ ಮುಂದೆ ತಪ್ಪೊಪ್ಪಿಕೊಂಡರು, ಅದರಲ್ಲಿ 1,384 ಮಂದಿ ಮಕ್ಕಳು. ಅವನು ಕೂಟ ನಡೆದ ಜಾಗ ಯಾವುದು, ದಾರಿ ಯಾವುದು ಅಂತ ಒಬ್ಬೊಬ್ಬರನ್ನೇ ಬೇರೆ ಬೇರೆಯಾಗಿ ಕೇಳಿದ. ಉತ್ತರಗಳು ಹೊಂದಲಿಲ್ಲ. ಮಾಟದ ಲೇಪ ಅಂತ ತಂದುಕೊಟ್ಟ ಗಡಿಗೆಗಳನ್ನು ವೈದ್ಯರಿಗೆ ತೋರಿಸಿದ, ಪ್ರಾಣಿಗಳಿಗೆ ತಿನ್ನಿಸಿ ನೋಡಿದ. ಏನೂ ಆಗಲಿಲ್ಲ. ಜನ ಮಾಟಗಾತಿಯರ ಬಗ್ಗೆ ಮಾತಾಡಿ ಬರೆಯಲು ಶುರು ಮಾಡುವ ತನಕ ಇಲ್ಲಿ ಮಾಟಗಾತಿಯರೂ ಇರಲಿಲ್ಲ, ಮಾಟ ತಗಲಿದವರೂ ಇರಲಿಲ್ಲ ಅಂತ ವರದಿ ಬರೆದ. 1614ರಲ್ಲಿ ಮ್ಯಾಡ್ರಿಡ್‌ನ ಮೇಲ್ಮಂಡಳಿ ಅದನ್ನು ಒಪ್ಪಿ ಬಿಗಿಯಾದ ನಿಯಮ ತಂದಿತು. ಆಮೇಲೆ ಅಲ್ಲಿ ಇನ್‌ಕ್ವಿಸಿಷನ್ ಮಾಟಕ್ಕೆ ಸುಡುವುದು ನಿಂತುಹೋಯಿತು.

ಫ್ರಾನ್ಸಿನಲ್ಲಿ ಪ್ಯಾರಿಸ್ಸಿನ ದೊಡ್ಡ ಕೋರ್ಟು ಮಾಟದ ಮರಣದಂಡನೆಗಳೆಲ್ಲ ಅಪೀಲಿಗೆ ತನ್ನ ಮುಂದೆ ಬರಲೇಬೇಕು ಅಂತ ಮಾಡಿತು. ಊರಿನ ಜಗಳದ ಬಿಸಿ ತಟ್ಟದ ದೂರದ ಜಡ್ಜುಗಳು ಬಹಳಷ್ಟು ಶಿಕ್ಷೆಗಳನ್ನು ರದ್ದು ಮಾಡಿದರು. ಬೇಟೆ ಹುಚ್ಚೆದ್ದು ಕುಣಿದದ್ದು ಚೂರುಚೂರಾಗಿದ್ದ ಸಣ್ಣ ಸಂಸ್ಥಾನಗಳಲ್ಲಿ. ಅಲ್ಲಿ ಅರಸ, ಪಾದ್ರಿ, ಜಡ್ಜ್ ಎಲ್ಲ ಒಂದೇ ಮೇಜಿನಲ್ಲಿ ಊಟ ಮಾಡುವವರು, ಮೇಲೆ ಕೇಳುವವರಿಲ್ಲ. ಬಾಂಬೆರ್ಗ್ ಕೂಡ ತಣ್ಣಗಾಗತೊಡಗಿದ್ದು, ತಪ್ಪಿಸಿಕೊಂಡು ಹೋದವರು ಸಾಮ್ರಾಟನ ಕೋರ್ಟಿಗೆ ದೂರು ಒಯ್ದು, ಆರೋಪಿಗಳ ಆಸ್ತಿ ಮುಟ್ಟುಗೋಲಿಗೆ ಅಲ್ಲಿಂದ ತಡೆ ಬಂದ ಮೇಲೆ. ಹಿಂದೆಯೇ ಸ್ವೀಡನ್ನಿನ ಸೈನ್ಯ ಬಂತು, ಬಿಷಪ್ ಓಡಿಹೋದ.

ಅಮೆರಿಕದ ಸೇಲಂನಲ್ಲಿ 1692ರಲ್ಲಿ 19 ಜನರನ್ನು ನೇಣಿಗೆ ಹಾಕಿದರು. ಒಬ್ಬನನ್ನು ಕಲ್ಲು ಹೇರಿ ಕೊಂದರು. ಆರೋಪಿಯ ಆಕಾರ ನನ್ನ ಕಣ್ಣಿಗೆ ಮಾತ್ರ ಕಂಡಿತು, ನನ್ನನ್ನು ಚಿವುಟಿತು ಎಂಬ ಹುಡುಗಿಯರ ಮಾತನ್ನು ಅಲ್ಲಿ ಸಾಕ್ಷಿ ಅಂತ ಹಿಡಿದಿದ್ದರು. ಅಂಥ ಸಾಕ್ಷಿ ನಡೆಯದು ಅಂತ ಆದ ಕೂಡಲೇ ಕೇಸುಗಳು ಕುಸಿದವು. ಯುರೋಪಿನಲ್ಲಿ ಕೊನೆಯ ಕಾನೂನುಬದ್ಧ ಸಾವುಗಳಲ್ಲಿ ಒಂದು ಸ್ವಿಟ್ಜರ್ಲೆಂಡಿನ ಗ್ಲಾರುಸ್‌ನಲ್ಲಿ 1782ರಲ್ಲಿ ಆಯಿತು. ಮನೆಗೆಲಸದ ಹೆಂಗಸು ಆನ್ನಾ ಗೋಲ್ಡಿ ನಿರಪರಾಧಿ ಅಂತ ಅಲ್ಲಿನ ಸರ್ಕಾರ ಒಪ್ಪಿಕೊಂಡದ್ದು 2008ರಲ್ಲಿ.

ಇಷ್ಟಾದರೂ ಜನರ ನಂಬಿಕೆ ಹೋಗಿರಲಿಲ್ಲ. ಬ್ರಿಟನ್ ಮಾಟದ ಕಾನೂನನ್ನು 1736ರಲ್ಲಿ ತೆಗೆದುಹಾಕಿತು. 1751ರಲ್ಲಿ ಟ್ರಿಂಗ್ ಊರಿನ ಜನರ ಗುಂಪು ರೂತ್ ಆಸ್‌ಬಾರ್ನ್ ಎಂಬ ಮುದುಕಿಯನ್ನು ಮಾಟಗಾತಿ ಅಂತ ಕೆರೆಯಲ್ಲಿ ಮುಳುಗಿಸಿ ಕೊಂದಿತು. ಈ ಸಲ ಕೋರ್ಟು ನೇಣಿಗೆ ಹಾಕಿದ್ದು ಗುಂಪಿನ ಮುಂದಾಳು ಥಾಮಸ್ ಕಾಲಿಯನ್ನು.

ಭಾರತದಲ್ಲಿ ಜಾರ್ಖಂಡ್, ಬಿಹಾರ, ಒಡಿಶಾ, ಅಸ್ಸಾಂ ಕಡೆಯಿಂದ ಇಂದಿಗೂ ಇಂಥ ಕೊಲೆಗಳ ಸುದ್ದಿ ಬರುತ್ತದೆ. ಅದನ್ನು ಯುರೋಪಿನ ಬೇಟೆಗೆ ನೇರ ಹೋಲಿಸುವುದು ಸರಿಯಲ್ಲ. ಅಲ್ಲಿ ಕೊಂದದ್ದು ಕೋರ್ಟು, ಇಲ್ಲಿ ಕೊಲ್ಲುವುದು ಗುಂಪು, ಅದೂ ಕಾನೂನಿನ ವಿರುದ್ಧ. ಇದಕ್ಕೆಂದೇ ಬಿಹಾರ 1999ರಲ್ಲಿ, ಜಾರ್ಖಂಡ್ 2001ರಲ್ಲಿ, ಅಸ್ಸಾಂ 2015ರಲ್ಲಿ ಕಾಯ್ದೆ ತಂದವು. ಮಾಟಮಂತ್ರದ ಹೆಸರಿನ ಅಮಾನವೀಯ ಆಚರಣೆಗಳ ವಿರುದ್ಧ ಕರ್ನಾಟಕದಲ್ಲೂ 2017ರ ಕಾಯ್ದೆ ಇದೆ. ಇಲ್ಲಿನ ಕೊಲೆಗಳು ಟ್ರಿಂಗ್‌ನ ಕತೆಗೆ ಹೆಚ್ಚು ಹತ್ತಿರ. ಒಂಟಿ ವಿಧವೆ, ಅವಳ ಪಾಲಿನ ಜಮೀನು, ನೆಂಟರ ಕಣ್ಣು, ಊರಿನಲ್ಲೊಂದು ಕಾಯಿಲೆ, ಹತ್ತಿರದಲ್ಲಿ ಡಾಕ್ಟರಿಲ್ಲ. 1995ರಲ್ಲಿ ಊರಿನವರು ಮಾಟಗಾತಿ ಅಂತ ಹಣೆಪಟ್ಟಿ ಹಚ್ಚಿದ ಜಾರ್ಖಂಡಿನ ಛುಟ್ನಿ ಮಹತೋಗೆ 2021ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಅಸ್ಸಾಮಿನ ಬಿರುಬಾಲಾ ರಾಭಾಗೂ ಬಂತು. ಹಣೆಪಟ್ಟಿ ಬಿದ್ದ ಹೆಂಗಸರ ಪರ ಊರಿನ ಮುಂದೆ ನಿಂತು ವಾದಿಸುವ ಕೆಲಸ ಮಾಡಿದವರು ಇಬ್ಬರೂ.